ಸಹಾಯ ಬೇಕು: ಪೂರ್ತಿ ಮಹಾಗನಿ ಗಿಟಾರ್‌ಗೆ ಹಲಗೆ, ಸಲಹೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ 1940ರಲ್ಲಿ ತಂದ 0-15 ಮಾದರಿ ನೋಡಿಕೊಂಡು ಒಂದು ಗಿಟಾರ್ ಮಾಡಲು ಹೊರಟಿದ್ದೇನೆ. ಮೇಲು, ತಳ, ಪಕ್ಕ ಎಲ್ಲಾ ಮಹಾಗನಿ. ಅಂಚುಪಟ್ಟಿ ಇಲ್ಲ, ಅಲಂಕಾರ ಇಲ್ಲ, ಅದಕ್ಕೇ ಖರ್ಚು ಕಡಿಮೆ. ಬೆರಳಲ್ಲಿ ಮೀಟಿದಾಗ ಬರುವ ಆ ಮೆತ್ತನೆಯ ನಾದ ನನಗೆ ತುಂಬಾ ಇಷ್ಟ.

ತೊಡಕು ಇರುವುದು ಮೇಲಿನ ಹಲಗೆಯಲ್ಲಿ. ನಮ್ಮೂರ ಸಾಮಿಲ್‌ನಲ್ಲಿ ಸಿಕ್ಕ ತೋಟದ ಮಹಾಗನಿಯನ್ನು ಸುಮ್ನೆ ಉದ್ದಕ್ಕೆ ಸೀಳಿದ್ದಾರೆ. ಹಲಗೆಯ ತುದಿ ನೋಡಿದರೆ ಉಂಗುರದ ಗೆರೆಗಳು ಮಲಗಿವೆ, ನೆಟ್ಟಗೆ ನಿಂತಿಲ್ಲ. ಇದನ್ನು 3 ಮಿ.ಮೀ.ಗೆ ಇಳಿಸಿದರೆ ಮಳೆಗಾಲದಲ್ಲಿ ಡೊಂಕಾಗುತ್ತದೆ ಅಲ್ವಾ? ಕ್ವಾರ್ಟರ್ ಸಾನ್ (ಉಂಗುರದ ಗೆರೆಗಳು ನೆಟ್ಟಗೆ ನಿಲ್ಲುವಂತೆ ಸೀಳುವುದು) ಮಾಡಿ, ಚೆನ್ನಾಗಿ ಒಣಗಿಸಿ ಕೊಡುವವರು ಮಂಗಳೂರು, ಶಿವಮೊಗ್ಗ ಕಡೆ ಇದ್ದಾರಾ? ಮಹಾಗನಿ ಹಲಗೆಗೆ ಎಕ್ಸ್ ಬ್ರೇಸ್ (ಮೇಲಿನ ಹಲಗೆಯ ಒಳಬದಿಗೆ X ಆಕಾರದಲ್ಲಿ ಅಂಟಿಸುವ ಆಧಾರದ ಪಟ್ಟಿಗಳು) ಕೂರಿಸಿದವರು ಯಾರಾದರೂ ಇದ್ದರೆ, ದಪ್ಪ ಎಷ್ಟಕ್ಕೆ ನಿಲ್ಲಿಸಿದಿರಿ ಅಂತ ದಯವಿಟ್ಟು ತಿಳಿಸಿ.