ಬ್ಯೂಫೋರ್ಟ್ ಸಮುದ್ರದ ಮಟ್ಟ ಏರಿದ್ದು ಮಂಜು ಕರಗಿದ್ದರಿಂದಲೇ?

ಪ್ರಶ್ನೆ (ಕುಮಟಾ)

ತೇಲುವ ಮಂಜುಗಡ್ಡೆ ಕರಗಿದರೆ ಸಮುದ್ರದ ಮಟ್ಟ ಏರುವುದಿಲ್ಲವೆಂದು ಓದಿದವರು ನಾವು. ಆದರೂ ಕೆನಡಾದ ಉತ್ತರಕ್ಕೆ, ಆರ್ಕ್ಟಿಕ್ ಸಾಗರದ ಭಾಗವಾಗಿರುವ ಬ್ಯೂಫೋರ್ಟ್ ಸಮುದ್ರದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಸಿಹಿನೀರೂ ಹೆಚ್ಚಿತು, ಮಟ್ಟವೂ ಏರಿತು ಎನ್ನುತ್ತಾರೆ. ಆ ನೀರು ಎಲ್ಲಿಂದ ಬಂತು, ಹರಿದುಹೋಗದೆ ಅಲ್ಲೇ ಏಕೆ ನಿಂತಿತು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಕಾರವಾರ)

ಮಳೆಗಾಲದಲ್ಲಿ ಕೋಡಿಬಾಗದ ಅಳಿವೆಯ ದಂಡೆಯಲ್ಲಿ ನಿಂತರೆ ಕಾಳಿಯ ಕೆಂಪು ನೀರು ಕಡಲಿನ ಮೇಲೆ ಹರಡಿಕೊಂಡು ಹೋಗುವುದು ಕಾಣುತ್ತದೆ. ಉಪ್ಪುನೀರು ಭಾರವಾದ್ದರಿಂದ ಅಡಿಯಲ್ಲೇ ಉಳಿಯುತ್ತದೆ. ಆರ್ಕ್ಟಿಕ್‌ನಲ್ಲಿ ಇಂಥ ಪದರ ವರ್ಷಪೂರ್ತಿ ಇರುತ್ತದೆ. ಜಗತ್ತಿನ ಸಾಗರಗಳ ಒಟ್ಟು ನೀರಿನಲ್ಲಿ ಆರ್ಕ್ಟಿಕ್ ಸಾಗರದ ಪಾಲು ಶೇ. 1ರಷ್ಟೇ ಆದರೂ, ಓಬ್, ಯೆನಿಸೇಯ್, ಲೇನಾ, ಮೆಕೆಂಜಿ ಮೊದಲಾದ ನದಿಗಳ ಮೂಲಕ ಜಗತ್ತಿನ ನದಿನೀರಿನ ಸುಮಾರು ಶೇ. 10ರಷ್ಟು ಅದನ್ನು ಸೇರುತ್ತದೆ. ಬೇರಿಂಗ್ ಜಲಸಂಧಿಯಿಂದ ಬರುವ, ಉಪ್ಪು ಕಡಿಮೆಯಿರುವ ಪೆಸಿಫಿಕ್ ನೀರೂ ಕರಗಿದ ಮಂಜೂ ಬೇರೆ.

ಈ ಸಿಹಿನೀರು ಬ್ಯೂಫೋರ್ಟ್ ಸಮುದ್ರದಲ್ಲೇ ನಿಲ್ಲಲು ಮುಖ್ಯ ಕಾರಣ ಗಾಳಿ. ಅಲ್ಲಿನ ಅಧಿಕ ವಾಯು ಒತ್ತಡದ ವಲಯದ ಸುತ್ತ ಗಾಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಭೂಮಿಯ ತಿರುಗುವಿಕೆಯಿಂದ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತ ನಡುವೆ ಕೂಡಿಕೊಂಡು, ಸಮುದ್ರದ ಮೈಯನ್ನು ಹತ್ತಾರು ಸೆಂಟಿಮೀಟರ್ ಉಬ್ಬಿಸುತ್ತದೆ. ಗಾಳಿ ಸಡಿಲಿದರೆ ಈ ಸಿಹಿನೀರು ಫ್ರಾಮ್ ಜಲಸಂಧಿಯಿಂದಲೂ ಕೆನಡಾದ ದ್ವೀಪಗಳ ನಡುವಿನಿಂದಲೂ ಅಟ್ಲಾಂಟಿಕ್‌ಗೆ ಜಾರುತ್ತದೆ. ಹಾಗಾಗಿ ಆ ಏರಿಕೆಯ ಬಹುಪಾಲು ಇದ್ದ ನೀರೇ ಒಂದೆಡೆ ಸೇರಿದ್ದರ ಫಲವೆಂದು ನನ್ನ ಅಭಿಪ್ರಾಯ.

ಉತ್ತರ (ಶಿರಸಿ)

ಕಾರವಾರದವರ ಮಾತು ಒಪ್ಪತಕ್ಕದ್ದೇ, ಆದರೆ ನೆಲದ ಮೇಲಿನ ಹಿಮವನ್ನು ಬಿಡಬಾರದು. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಜಗತ್ತಿನ ಸಮುದ್ರಮಟ್ಟ ಸರಾಸರಿ 7 ಮೀಟರಿಗೂ ಹೆಚ್ಚು ಏರಬಲ್ಲದು. ವಿಚಿತ್ರವೆಂದರೆ ಗ್ರೀನ್‌ಲ್ಯಾಂಡಿನ ಸುತ್ತಲೇ ಮಟ್ಟ ಇಳಿಯುತ್ತದೆ: ಹಿಮದ ರಾಶಿ ತನ್ನತ್ತ ಸೆಳೆದಿಟ್ಟುಕೊಂಡಿದ್ದ ನೀರು ದೂರ ಸರಿಯುತ್ತದೆ, ಭಾರ ಇಳಿದ ನೆಲವೂ ಮೇಲೇಳುತ್ತದೆ. ಆ ಹಿಮದ ಲೆಕ್ಕ ತೀರಿಸುವವರು ನಮ್ಮಂಥ ದೂರದ ಕರಾವಳಿಯವರು.

ಪ್ರಶ್ನೆ ಕೇಳಿದವರು

ಗಾಳಿ, ನದಿ, ಹಿಮ ಎಲ್ಲ ಬೆರೆತಿರುವಾಗ ಸಿಹಿನೀರಿನ ಪಾಲನ್ನು ಬೇರ್ಪಡಿಸುವುದು ಹೇಗೆ?

ಉತ್ತರ (ಕಾರವಾರ)

ಎರಡು ಬಗೆಯ ಉಪಗ್ರಹಗಳಿಂದ. 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಮಂಜಿನ ಬಿರುಕುಗಳಲ್ಲಿ ಕಾಣುವ ನೀರಿನ ಎತ್ತರವನ್ನು ಅಳೆಯುತ್ತದೆ. 2002ರಿಂದ 2017ರವರೆಗೆ ಗ್ರೇಸ್ ಗುರುತ್ವದ ಮೂಲಕ ನೀರಿನ ತೂಕದ ಬದಲಾವಣೆಯನ್ನು ಅಳೆಯುತ್ತಿತ್ತು, 2018ರಲ್ಲಿ ಹಾರಿದ ಅದರ ಉತ್ತರಾಧಿಕಾರಿ ಆ ಕೆಲಸ ಮುಂದುವರಿಸಿತು. ತೂಕಕ್ಕೆ ಮೀರಿದ ಎತ್ತರವಿದ್ದರೆ ನೀರು ಹಗುರಾಗಿದೆಯೆಂದರ್ಥ, ಮತ್ತು ಅಷ್ಟು ತಣ್ಣಗಿನ ಸಮುದ್ರದಲ್ಲಿ ನೀರನ್ನು ಹಗುರಾಗಿಸುವುದು ಬಿಸಿಗಿಂತ ಹೆಚ್ಚಾಗಿ ಉಪ್ಪಿನ ಇಳಿಕೆಯೇ.