ಲೇಸಿಕ್ (ಕನ್ನಡಕ ಬಿಡಲಿಕ್ಕೆ ಮಾಡುವ ಕಣ್ಣಿನ ಲೇಸರ್ ಆಪರೇಷನ್) ಆಗಿ 18 ದಿನ, ಒಂದು ಕಣ್ಣು ಕೆಂಪು. ಉಳಿದ ಡ್ರಾಪ್ಸ್ ಹಾಕಬಹುದಾ?

ಕುಡ್ಲದ ಕನ್ನಡಕ:
ಎರಡು ವಾರ ಎಲ್ಲ ಚೆನ್ನಾಗಿತ್ತು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸಿನ ಬೋರ್ಡು ದೂರದಿಂದಲೇ ಓದುತ್ತಿದ್ದೆ. ಕಳೆದ ಭಾನುವಾರ ಊರಿಗೆ ಹೋಗಿ ಬಾವಿ ನೀರಲ್ಲಿ ತಲೆಗೆ ಸ್ನಾನ ಮಾಡಿದೆ, ಮಳೆಗಾಲದ ಕೆಂಪು ನೀರು, ಕಣ್ಣಿಗೂ ಹೋಯಿತು. ನಿನ್ನೆಯಿಂದ ಬಲಗಣ್ಣು ಕೆಂಪು, ನೋವು, ಟ್ಯೂಬ್‌ಲೈಟ್ ನೋಡಲಿಕ್ಕೂ ಆಗುವುದಿಲ್ಲ. ಆಪರೇಷನ್ ಆದಾಗ ಕೊಟ್ಟ ಸ್ಟಿರಾಯ್ಡ್ ಡ್ರಾಪ್ಸ್ ಅರ್ಧ ಬಾಟಲಿ ಉಂಟು. ಸೋಮವಾರ ಹೇಗೂ ಚೆಕಪ್, ಅಲ್ಲಿವರೆಗೆ ಅದನ್ನೇ ಹಾಕಲಾ?

ಮಲ್ಪೆ ಗಾಳಿ:
ಹೆದರಬೇಡಿ ಮಾರಾಯ್ರೆ, ನನಗೂ ಕೆಂಪಾಗಿತ್ತು. ಕಣ್ಣು ಒಣಗುವುದು ಅಷ್ಟೆ. ಟಿಯರ್ ಡ್ರಾಪ್ಸ್ ಹಾಕಿದೆ, ಸರಿಯಾಯಿತು.

ಮಣಿಪಾಲದ ಆಪ್ಟೋಮೆಟ್ರಿಸ್ಟ್:
ಮಲ್ಪೆಯವರೇ, ಒಣಗಿದ ಕಣ್ಣು ಉರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ. ಇಷ್ಟು ದಿನ ಸರಿಯಿದ್ದು ಈಗ ಒಂದೇ ಕಣ್ಣು ಹೀಗೆ ನೋಯುವುದು, ಬೆಳಕು ತಡೆಯದಿರುವುದು ಬೇರೆ ಲೆಕ್ಕ. ಲೇಸಿಕ್‌ನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ತೆಳು ಪದರ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ ಅಲ್ವಾ? ಕ್ರಿಮಿ ಆ ಪದರದ ಅಡಿಗೆ ಸೇರಿದರೆ ಮೇಲೆ ಬಿಟ್ಟ ಮದ್ದು ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಇಂಥದ್ದು ಅಪರೂಪ. ಮೊದಲ ಒಂದೆರಡು ವಾರದಲ್ಲಿ ಬಂದರೆ ಹೆಚ್ಚಾಗಿ ಸ್ಟೆಫೈಲೊಕಾಕಸ್ ತರದ ಬ್ಯಾಕ್ಟೀರಿಯಾ. ತಡವಾಗಿ ಬಂದರೆ ಫಂಗಸ್, ಇಲ್ಲವೇ ನೀರು ಮಣ್ಣಲ್ಲಿ ಇರುವ ಮೈಕೋಬ್ಯಾಕ್ಟೀರಿಯಾ. ಸ್ಟಿರಾಯ್ಡ್ ಹಾಕಿದರೆ ಕೆಂಪು ಇಳಿದು ವಾಸಿಯಾಯಿತು ಅನಿಸುತ್ತದೆ, ಒಳಗೆ ಫಂಗಸ್‌ಗೆ ಹಬ್ಬ. ನೀವಾಗಿಯೇ ಹಾಕಬೇಡಿ, ಕಣ್ಣು ಉಜ್ಜಬೇಡಿ, ಇವತ್ತೇ ಹೋಗಿ. ಬಾವಿ ನೀರಿನ ವಿಷಯ ಮರೆಯದೆ ಹೇಳಿ.

ಉಡುಪಿ ಅಕ್ಕ:
ನನ್ನದು ಮೈಕೋಬ್ಯಾಕ್ಟೀರಿಯಾ ಆಗಿತ್ತು. ಮೆಡಿಕಲ್ ಶಾಪಿನವರು ಕೊಟ್ಟ ಡ್ರಾಪ್ಸ್ ಹಾಕುತ್ತಾ ಹತ್ತು ದಿನ ಸುಮ್ನೆ ಕಳೆದೆ. ಆಮೇಲೆ ಪದರ ಎತ್ತಿ, ಕೆರೆದು ಲ್ಯಾಬಿಗೆ ಕಳಿಸಿ, ಆ್ಯಂಟಿಬಯೋಟಿಕ್‌ನಲ್ಲಿ ತೊಳೆದರು. ಮೂರು ತಿಂಗಳು ಮದ್ದು. ಬಿಳಿ ಕಲೆ ಈಗಲೂ ಉಂಟು, ರಾತ್ರಿ ಎದುರಿನ ಗಾಡಿಯ ಲೈಟ್ ಹರಡಿದ ಹಾಗೆ ಕಾಣುತ್ತದೆ. ಶನಿವಾರ ಅಂತ ಕೂರಬೇಡಿ ತಮ್ಮಾ, ಎಮರ್ಜೆನ್ಸಿಗೆ ಹೋಗಿ.

ಮಲ್ಪೆ ಗಾಳಿ:
ಅಯ್ಯೋ, ಇದು ಗೊತ್ತಿರಲಿಲ್ಲ. ನನ್ನ ಮಾತು ಬಿಡಿ.

ಕುಡ್ಲದ ಕನ್ನಡಕ:
ಹೋಗಿ ಬಂದೆ. ಪದರದ ಅಂಚಲ್ಲಿ ಚಿಕ್ಕ ಬಿಳಿ ಚುಕ್ಕೆ ಇದೆಯಂತೆ. ಕೆರೆದು ಲ್ಯಾಬಿಗೆ ಕಳಿಸಿದ್ದಾರೆ. ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿಯೂ. ಅಮ್ಮ ಅಲಾರಂ ಇಟ್ಟುಕೊಂಡು ಕೂತಿದ್ದಾರೆ, ಬೈಗುಳವೂ ಗಂಟೆಗೊಮ್ಮೆ.