ಜಿಆರ್‌ಇ ವರ್ಬಲ್‌ಗೆ ತಯಾರಿ ಹೇಗೆ?

ಬದಿಯಡ್ಕದವಳು:
ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಈಗ ಎಂಎಸ್ಸಿ. ವಿದೇಶದಲ್ಲಿ ಮುಂದೆ ಓದೋಕೆ ಜಿಆರ್‌ಇ ಪ್ರವೇಶ ಪರೀಕ್ಷೆ ಬರೀಬೇಕು. ಲೆಕ್ಕಕ್ಕೆ ಹೆದರಿಕೆ ಇಲ್ಲ, ವರ್ಬಲ್, ಅಂದರೆ ಇಂಗ್ಲಿಷ್ ಭಾಗ, ನೋಡಿದರೆ ಕೈಕಾಲೇ ಆಡೋದಿಲ್ಲ. ಆ ಉದ್ದುದ್ದ ಪದಪಟ್ಟಿ ಬಾಯಿಪಾಠ ಮಾಡಲೇಬೇಕಾ? ಕೋಚಿಂಗ್‌ಗೆ ಅಂತ ದಿನಾ ಮಂಗಳೂರಿಗೆ ಹೋಗಿಬರೋದು ಆಗದ ಮಾತು.

ಮಂಜೇಶ್ವರ ಲೋಕಲ್:
ಸುಮ್ನೆ ಉರು ಹೊಡೆಯಬೇಡಿ. ಸುಮಾರು ಅರ್ಧ ಪ್ರಶ್ನೆಗಳು ಪ್ಯಾಸೇಜ್ ಓದಿ ಉತ್ತರಿಸುವಂಥವು. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ: ವರ್ಬಲ್‌ನ ಮೊದಲ ಸೆಕ್ಷನ್ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದು 23 ನಿಮಿಷಕ್ಕೆ 15. ಮೊದಲನೆಯದು ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟ ಬರುತ್ತದೆ, ಗಾಬರಿ ಬೇಡ, ಅದು ಒಳ್ಳೆ ಲಕ್ಷಣ. ತಪ್ಪಿಗೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಅಡಿಕೆ ತೋಟ:
ಪದ ಬೇಡ ಅಂದ್ರೆ ನಾನು ಒಪ್ಪೋದಿಲ್ಲ. ಸೆಂಟೆನ್ಸ್ ಈಕ್ವಿವಲೆನ್ಸ್ ಅನ್ನೋ ಪ್ರಶ್ನೆಯಲ್ಲಿ ವಾಕ್ಯದ ಒಂದು ಖಾಲಿ ಜಾಗಕ್ಕೆ ಆರು ಆಯ್ಕೆ ಇರುತ್ತದೆ, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡು ಆರಿಸಬೇಕು, ಒಂದೇ ಸರಿಯಾದರೆ ಸೊನ್ನೆ. ಒಂದೇ ಅರ್ಥದ ಜೋಡಿ ಕಂಡ ಕೂಡಲೇ ಟಿಕ್ ಮಾಡಿದರೆ ಕೆಟ್ಟಿರಿ, ಆ ಜೋಡಿ ವಾಕ್ಯಕ್ಕೇ ಹೊಂದದೆ ಇರಬಹುದು. ಆಯ್ಕೆಗಳನ್ನು ಕೈಯಲ್ಲಿ ಮುಚ್ಚಿ ಮೊದಲು ವಾಕ್ಯ ಓದಿ, 'ಆಲ್ದೋ', 'ಡಿಸ್ಪೈಟ್' ಕಂಡರೆ ಮಾತು ತಿರುಗುತ್ತದೆ ಅಂತ ಗೊತ್ತಾಗುತ್ತದೆ, ಆ ಜಾಗಕ್ಕೆ ನಿಮ್ಮದೇ ಪದ ಹಾಕಿ, ಕನ್ನಡದ್ದಾದರೂ ಸೈ, ಆಮೇಲೆ ಆಯ್ಕೆ ನೋಡಿ. ಕೋಚಿಂಗ್‌ಗೆ ದುಡ್ಡು ಸುರಿಯೋ ಮೊದಲು ಪರೀಕ್ಷೆ ನಡೆಸುವ ಇಟಿಎಸ್‌ನವರ ಪವರ್‌ಪ್ರೆಪ್ ಉಚಿತ ಅಭ್ಯಾಸ ಟೆಸ್ಟ್ ಮಾಡಿ.

ಬದಿಯಡ್ಕದವಳು:
ಥ್ಯಾಂಕ್ಸ್! ಮನೆಯಿಂದಲೂ ಬರೆಯಬಹುದಂತೆ, ಅಲ್ವಾ?

ಮಂಜೇಶ್ವರ ಲೋಕಲ್:
ಬರೆಯಬಹುದು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ನಂಬಿ ಕೂರಬೇಡಿ ಮಾರಾಯ್ರೇ, ಸೆಂಟರ್‌ಗೇ ಹೋಗಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ.